ಅತ್ತೆಯ ಬೈಗುಳ ಬರೆದುಕೊಳ್ಳುವ ದೋಣಿಕಾರ

ನೈಲ್ ನದಿಯ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಅರ್ಗೋ ದ್ವೀಪದ ಕಡವಿನಲ್ಲಿ ಖೈರಿ ದಾವೂದ್ ದೋಣಿಯ ಹಗ್ಗ ಬಿಚ್ಚುತ್ತಾರೆ. ಎರಡು ಕತ್ತೆ, ಖರ್ಜೂರದ ಮೂಟೆ, ಹತ್ತು ಜನ. ಯಾರೋ ಮಾತು ತೆಗೆದದ್ದೇ ತಡ, ಜೇಬಿನಿಂದ ನೋಟುಬುಕ್ಕು ಹೊರಬರುತ್ತದೆ. "ಲೋ ಖೈರಿ, ಮೊದ್ಲು ಹುಟ್ಟು ಹಿಡಿ, ಆಮೇಲೆ ಪಂಡಿತ ಆಗು!" ಎಂದು ಮುದುಕನೊಬ್ಬ ರೇಗಿಸುತ್ತಾನೆ.

ದಿನಕ್ಕೆ ಹದಿನಾಲ್ಕು ಸಲ ಹೊಳೆ ದಾಟುವ ಈ ಐವತ್ತೆಂಟರ ದೋಣಿಕಾರ ಜನರ ಬಾಯಿಂದ ಕೇಳಿದ ಪದಗಳನ್ನು ಬರೆದು ಬರೆದು ಮೂವತ್ತೊಂದು ನೋಟುಬುಕ್ಕು ತುಂಬಿಸಿದ್ದಾರೆ. ನುಬಿಯನ್ ನುಡಿಗಳಲ್ಲಿ ಯಾವುದಕ್ಕೆ ಯಾವುದು ಒಡಹುಟ್ಟು ಎಂದು ತೂಗುವ ಪಂಡಿತರು ಕೇಳಿದಾಗಲೆಲ್ಲ ಅವನ್ನು ಕೊಟ್ಟಿದ್ದಾರೆ. ಖೈರಿಯವರ ಮನೆಮಾತು ನೊಬೀನ್, ಹೆಂಡತಿಯ ಕಡೆಯದು ಡೊಂಗೊಲಾವಿ. ಒಂದೇ ಹೊಳೆಯ ಈ ಎರಡನ್ನೂ ಹಿಂದಿನವರು ಅವಳಿಯೆಂದೇ ಎಣಿಸಿದ್ದರು. ಒಮ್ಮೆ ಪಶ್ಚಿಮದ ಮಿದೋಬ್ ಗುಡ್ಡಗಳಿಂದ ಒಂಟೆಯವನೊಬ್ಬ ಬಂದು ನೀರು ಕೇಳಿದ್ದನ್ನು ಖೈರಿ ನೆನೆಯುತ್ತಾರೆ.

"ಅವನ ಬಾಯಲ್ಲಿ ಬಂದದ್ದು ಹೆಚ್ಚುಕಮ್ಮಿ ನಮ್ಮತ್ತೆ ಮನೆ ಮಾತು! ನಮ್ಮಮ್ಮ ನೀರಿಗೆ ಹಾಗನ್ನೋದೇ ಇಲ್ಲ. ಮೈ ಜುಂ ಅಂತು. ಅತ್ತೆ ಕಡೆಯವರ ಹತ್ತಿರದ ನೆಂಟರು ಮರಳುಗಾಡಿನಾಚೆ ಇದಾರೆ, ನಾವು ದೂರದ ದಾಯಾದಿಗಳು. ಎಷ್ಟು ಶತಮಾನ ಅಕ್ಕಪಕ್ಕ ಬಾಳಿ ಒಂದೇ ಥರ ಆಗಿದೀವಿ, ನೋಡಿ!"

ಹೀಗೆ ಪದ ಕೂಡಿಸುವ ಖೈರಿ ಸೋತದ್ದು ಮನೆಯಲ್ಲೇ. ಎತ್ತು ತಿರುಗಿಸುವ ನೀರಿನ ರಾಟೆ ಈಗ ಇಲ್ಲ. ಅದರ ಭಾಗಗಳ ಡೊಂಗೊಲಾವಿ ಹೆಸರು ಬಲ್ಲವರು ಊರಿನಲ್ಲಿ ತೊಂಬತ್ತರ ಅತ್ತೆ ಷಾಯಾ ಒಬ್ಬರೇ. ಅವರು ಹೇಳಿದ ಎಂಬತ್ತು ಹೆಸರು ಓದಿ ಹೆಂಡತಿ ದಹಬ್ ಬಿದ್ದು ಬಿದ್ದು ನಕ್ಕರು. "ಇವೆಲ್ಲ ನಿಮ್ಮ ಕಡೇವು ಕಣ್ರೀ! ಅಳಿಯನ ಮುಂದೆ ಅಮ್ಮ ತನ್ನ ಮಾತು ಆಡ್ತಾಳಾ?" ಅಳಿಯನ ಜೊತೆ ಅಳಿಯನ ಮಾತಿನಲ್ಲೇ ಮಾತಾಡುವುದು ಷಾಯಾ ಕೊಡುವ ಮರ್ಯಾದೆ. ಖೈರಿ ಎಂಬತ್ತನ್ನೂ ಹೊಡೆದುಹಾಕಿದರು. ಮಗಳು ದಹಬ್ ಕೇಳಿದರೆ, "ಮರೆತೋಯ್ತು, ಹೋಗೇ" ಎಂಬ ಉತ್ತರ. ಅತ್ತೆ ದಿನದಿನಕ್ಕೆ ಸೊರಗುತ್ತಿದ್ದರು.

ಖೈರಿ ಮೊಣಕಾಲೆತ್ತರದ ಮರದ ರಾಟೆ ಮಾಡಿ, ಬೇಕೆಂದೇ ತಪ್ಪಾಗಿ ಜೋಡಿಸಿ, ಅಂಗಳದಲ್ಲಿಟ್ಟು ಗೋಡೆಯ ಹಿಂದೆ ಕೂತರು. ಅತ್ತೆ ಬಂದು ಕೋಲು ಕುಟ್ಟಿದರು. "ಯಾವ ದಡ್ಡ ಮುಂಡೇದು ಕಟ್ಟಿದ್ದಿದು? ಈ ಹಗ್ಗ ಇಲ್ಲಿ ಬರತ್ತಾ? ಎತ್ತಿನ ಕುತ್ತಿಗೆ ಮುರಿಯತ್ತೆ!" ಒಂದೊಂದು ಬೈಗುಳಕ್ಕೂ ಒಂದೊಂದು ಹೆಸರು, ಅಪ್ಪಟ ಡೊಂಗೊಲಾವಿಯಲ್ಲಿ. ಅಂದಿನಿಂದ ಖೈರಿ ದಿನಕ್ಕೊಂದು ತಪ್ಪು ಮಾಡುತ್ತಾರೆ. ಅರವತ್ತೆಂಟು ಸಿಕ್ಕಿವೆ, ಹನ್ನೆರಡು ಉಳಿದಿವೆ.

"ಪುಸ್ತಕ ಆದ್ರೆ ನನ್ನ ಹೆಸರು ಬೇಡ, ಬೈದವರ ಹೆಸರು ಹಾಕ್ಲಿ" ಎನ್ನುತ್ತಾರೆ ಖೈರಿ.

ಅತ್ತೆಗೆ ಇದು ಗೊತ್ತಾಗಿಲ್ಲವೇ?

"ನಿನ್ನೆ ನಾನು ತಪ್ಪು ಮಾಡೋದೇ ಮರೆತಿದ್ದೆ. ಅವರೇ ಒಂದು ಗೂಟ ಕಿತ್ತು, ಗೋಡೆ ಕಡೆ ತಿರುಗಿ, ಗಟ್ಟಿಯಾಗಿ ಬೈದ್ರು."