ಎದೆಯ ಮೇಲಿನ ಗೆರೆ

ನಮ್ಮದು ಕುಪ್ಪಗಡ್ಡೆ ಕಡೆಯ ಕುರಿ ಸಾಕುವ ಮನೆ. ಹೆಂಡತಿಯ ಎಡ ಎದೆಗೆ ಆಪರೇಷನ್ ಆಗಿ ರೇಡಿಯೇಷನ್ ಶುರುವಾದ ದಿನ ನಾನು ಆಸ್ಪತ್ರೆಯಲ್ಲಿ ನಿಂತಲ್ಲಿ ನಿಲ್ಲಲಿಲ್ಲ. ಅಷ್ಟು ದೊಡ್ಡ ಯಂತ್ರ ಅವಳ ಮೈಗೆ ಏನು ಬಿಡುತ್ತದೆ ಎಂದು ತಿಳಿಯದೆ ಜೀವಕ್ಕೆ ಸಮಾಧಾನವಿರಲಿಲ್ಲ. ಕೊನೆಗೆ ಯಂತ್ರ ನಡೆಸುವ ಹುಡುಗಿಯನ್ನೇ ಕೇಳಿದೆ.

"ಒಳಗೆ ಬೆಂಕಿನೂ ಇಲ್ಲ, ಔಷಧಿನೂ ಇಲ್ಲ ಯಜಮಾನ್ರೇ. ಎಲೆಕ್ಟ್ರಾನ್ ಅನ್ನೋ ಕಣಗಳನ್ನ ಭಾರೀ ವೇಗದಲ್ಲಿ ಓಡಿಸಿ ಗಟ್ಟಿ ಲೋಹಕ್ಕೆ ಗುದ್ದಿಸ್ತೀವಿ. ಆಗ ಎಕ್ಸ್‌ರೇ ಹುಟ್ತದೆ. ಅದು ಹೊರಗೆ ಬರೋ ಬಾಯಲ್ಲಿ ಲೋಹದ ತೆಳು ಪಟ್ಟಿಗಳು ಸಾಲಾಗಿವೆ. ಒಂದೊಂದೂ ಬೇರೆಬೇರೆ ಸರಿದು, ಬೇಕಾದ ಆಕಾರದಷ್ಟೇ ಕಿಂಡಿ ಬಿಡ್ತವೆ."

"ಜಾಗ ತಪ್ಪಿದ್ರೆ?"

"ತಪ್ಪಬಾರ್ದು. ಕೆಳಗೆ ಹೃದಯ ಇದೆ. ಅದಕ್ಕೇ ಗುರಿ ಹಿಡಿಯೋಕೆ ಅವರ ಮೈಮೇಲೆ ಬಣ್ಣದಲ್ಲಿ ಗೆರೆ ಎಳೆದಿರೋದು. ಅಳಿಸಿದ್ರೆ ನಮಗೆ ಹೇಳಿ, ನೀವು ಕೈ ಹಾಕ್ಬೇಡಿ."

ಶನಿವಾರ, ಭಾನುವಾರ ರಜೆ, ಊರಿಗೆ ಬಂದೆವು. ಭಾನುವಾರ ಮಧ್ಯಾಹ್ನ ಅವಳಿಗೆ ನಿದ್ದೆ ಹತ್ತಿತ್ತು. ಬೆವರು ಒರೆಸಲು ಹೋಗಿ ನಾನೇ ಒಂದು ಗೆರೆ ಅಳಿಸಿಬಿಟ್ಟೆ. ಕುರಿಗೆ ಗುರುತು ಹಾಕುವ ಬಣ್ಣಕ್ಕೆ ಕಡ್ಡಿ ಅದ್ದಿ, ಕಣ್ಣಳತೆಯಲ್ಲಿ ಎಳೆದೆ. ಇಷ್ಟು ವರ್ಷ ಗುರುತು ಹಾಕಿದ ಕೈಗೆ ಇದೇನು ಮಹಾ ಎಂಬ ಧಿಮಾಕು ಬೇರೆ. ಆಸ್ಪತ್ರೆಯಲ್ಲಿ ಹೇಳಿದರೆ ಎಲ್ಲ ಮೊದಲಿಂದ ಅಳೆಯುತ್ತಾರೆ, ಅವಳು ಮತ್ತೆ ಆ ತಣ್ಣನೆಯ ಹಲಗೆಯ ಮೇಲೆ ಅಷ್ಟು ಹೊತ್ತು ಮಲಗಬೇಕು ಅನ್ನಿಸಿತು. ಸುಳ್ಳೇಕೆ, ಬೈಸಿಕೊಳ್ಳುವ ಹೆದರಿಕೆಯೂ ಇತ್ತು.

ಸೋಮವಾರ ಸೊರಬದಲ್ಲಿ ಬಸ್ಸು ಹತ್ತಿದಾಗಿನಿಂದ ಹೃದಯ ಎಂಬ ಆ ಮಾತೇ ತಲೆಯಲ್ಲಿ ಕೊರೆಯಿತು. ಶಿಕಾರಿಪುರದಲ್ಲಿ ಬಸ್ಸು ನಿಂತಾಗ ಎರಡು ಸಲ ಇಳಿದೆ, ಎರಡು ಸಲ ಹತ್ತಿದೆ.

"ಏನಾಯ್ತ್ರೀ ನಿಮ್ಗೆ?" ಎಂದಳು.

"ಏನಿಲ್ಲ ಮಾರಾಯ್ತಿ."

ಆಸ್ಪತ್ರೆಯಲ್ಲಿ ಅವಳು ಹಲಗೆಯ ಮೇಲೆ ಮಲಗಿದಳು. ಹುಡುಗಿ ಹೊರಗೆ ಬಂದಳು. ದಪ್ಪ ಬಾಗಿಲು ಮುಚ್ಚತೊಡಗಿತು.

"ತಡೀರಿ! ಒಂದು ಗೆರೆ ನಾನು ಹಾಕಿದ್ದು!"

ಹೊರಗೆ ಕಾದಿದ್ದವರೆಲ್ಲ ನನ್ನತ್ತ ತಿರುಗಿದರು. ಹುಡುಗಿ ಬಾಗಿಲು ನಿಲ್ಲಿಸಿ ಒಳಗೆ ಓಡಿದಳು. ಅಳೆದು ನೋಡಿ ಬಂದು, "ಕೈ ಹಾಕ್ಬೇಡಿ ಅಂದಿದ್ದೆ ಅಲ್ವಾ?" ಎಂದು ಚೆನ್ನಾಗಿ ಬೈದಳು. ಹೊಸ ಗೆರೆ ಎಳೆದು ಚಿಕಿತ್ಸೆ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು.

"ಎಷ್ಟು ತಪ್ಪಿತ್ತಂತೆ?"

"ಒಂದು ಬೆರಳಷ್ಟು."

ಅವಳು ಸೆರಗಿನ ಮೇಲೆ ಒಂದು ಬೆರಳಿಟ್ಟು ನೋಡಿಕೊಂಡಳು.

"ಸೊರಬದಿಂದ ಇಲ್ಲಿ ತನಕ ನನ್ನ ಪಕ್ಕದಲ್ಲೇ ಕೂತಿದ್ರಲ್ರೀ," ಎಂದಳು.