ಹಡಗಿನಲ್ಲೂ ಅಪ್ಪನ ಕಣ್ಣು

ಪ್ರತಿ ವರ್ಷ ಯುಗಾದಿಯ ಮರುದಿನ ಹೊಸತೊಡಕಿಗೆ ನಾವೆಲ್ಲ ಸೇರುವುದು ಶಿರಾ ಬಳಿಯ ಅಪ್ಪನ ಮನೆಯಲ್ಲಿ. ಈ ಸಲ ಸೇರಿದ್ದು ಪ್ರವಾಸಿ ಹಡಗಿನಲ್ಲಿ, ಹದಿನೇಳು ಮಂದಿ. ಹಿಂದೆ ಹಡಗು ಹತ್ತಿದವರು ನಮ್ಮಲ್ಲಿ ಯಾರೂ ಇಲ್ಲ.

ಮುಂಬೈ ಬಿಡುವ ಮುನ್ನ, ಅಪಾಯ ಬಂದರೆ ಎಲ್ಲಿ ಸೇರಬೇಕೆಂಬ ತಾಲೀಮು ನಡೆಯಿತು. ಬಿಳಿ ಸಮವಸ್ತ್ರದ ಅಧಿಕಾರಿಯೊಬ್ಬಳು ಪಟ್ಟಿ ಹಿಡಿದು ನಮ್ಮ ಹೆಸರುಗಳನ್ನು ತಡವರಿಸುತ್ತ ಕೂಗತೊಡಗಿದಳು. ಮೂರನೆಯ ಹೆಸರಿಗೇ ಅಪ್ಪ ಹೆಗಲ ಕಂಬಳಿ ಸರಿಮಾಡಿಕೊಂಡು, "ಪಾವಗಡದ ಅಳಿಯ ಬಂದಿಲ್ಲ ಕಣಮ್ಮ" ಎಂದು ನನಗೆ ಹೇಳಿದರು. ಪಟ್ಟಿ ಮುಗಿದಾಗ ಓಗೊಡದೆ ಉಳಿದ ಹೆಸರು ಒಂದೇ, ಪಾವಗಡದ ಭಾವನದು. ಅಪ್ಪ ಇದನ್ನು ಮೊದಲೇ ಹೇಳಿದ್ದರೆಂದು ನಾನು ಅಧಿಕಾರಿಗೆ ತಿಳಿಸಿದೆ.

"ಎಣಿಸದೆ ಇವರಿಗೆ ಹೇಗೆ ಗೊತ್ತಾಯಿತು?" ಎಂದು ಆಕೆ ಹಿಂದಿಯಲ್ಲಿ ಕೇಳಿದಳು. ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ.

"ಕುರೀನ ಯಾರಾದ್ರೂ ಎಣಿಸ್ತಾರಾ? ಮಂದೆ ನೋಡುದ್ರೆ ಯಾವ್ದು ಇಲ್ಲ ಅಂತ ಕಂಡ್ಬುಡ್ತದೆ."

ಜೀವನವಿಡೀ ಕುರಿ ಕಾಯ್ದವರು ಇವರು ಎಂದು ಆಕೆಗೆ ತಿಳಿಸುವಾಗ ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಸುತ್ತಲಿನವರೂ ಕೇಳಲಿ ಎಂದೇ ಇತ್ತು.

ಅಪ್ಪ ಆಗಲೇ ಪಕ್ಕದ ಗುಂಪಿನತ್ತ ನೋಡುತ್ತಿದ್ದರು. ಆ ಕುಟುಂಬ ಬೆಳಿಗ್ಗೆ ಕ್ಯೂನಲ್ಲಿ ನಮ್ಮ ಮುಂದಿತ್ತು.

"ಇವ್ರಲ್ಲಿ ಕೆಂಪು ಸೀರೆ ಅಜ್ಜಿ ಇಲ್ಲ" ಎಂದರು. "ಹೋಗಿ ಹೇಳಮ್ಮ, ಅವ್ರಿನ್ನೂ ನೋಡ್ಕೊಂಡಿಲ್ಲ."