ಎಡಗೈಯ ರಿವಾಲ್ವರ್

ಅವನು ನಮ್ಮ ಫಾರ್ಮಸಿಗೆ ನುಗ್ಗಿದ್ದು ಮಧ್ಯಾಹ್ನ, ಗಿರಾಕಿಗಳು ಯಾರೂ ಇಲ್ಲದ ಹೊತ್ತಿನಲ್ಲಿ. ರಾಬಿನ್ಸ್‌ವಿಲ್ಲಿನಿಂದ ಸ್ವಲ್ಪ ಆಚೆ, ಗೋದಾಮುಗಳಿಗೆ ಹೋಗುವ ಟ್ರಕ್ಕುಗಳು ಎಡೆಬಿಡದೆ ಓಡಾಡುವ ರಸ್ತೆಯಲ್ಲಿ, ಒಂದು ಲಾಂಡ್ರಿಗೂ ಪಿಟ್ಸಾ ಅಂಗಡಿಗೂ ನಡುವೆ ನನ್ನದೊಂದು ಚಿಕ್ಕ ಔಷಧದ ಅಂಗಡಿ. ಬೇರೆಯವರ ಅಂಗಡಿಗಳಲ್ಲಿ ಬಹಳ ವರ್ಷ ದುಡಿದ ಮೇಲೆ ಸ್ವಂತದ್ದು ಅಂತ ಮಾಡಿಕೊಂಡದ್ದು. ನನ್ನ ಜೊತೆ ಕೆಲಸಕ್ಕೆ ಒಬ್ಬ ಗುಜರಾತಿ ಹೆಂಗಸು ಇದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ನಾನು ಅವರನ್ನು, ಗುಜರಾತಿಯಲ್ಲಿ ಅಕ್ಕ ಎನ್ನುವ ಹಾಗೆ, ಬೆನ್ ಎಂದು ಕರೆಯುತ್ತಿದ್ದೆ. ನಮ್ಮಿಬ್ಬರ ಮಾತೆಲ್ಲ ಹಿಂದಿಯಲ್ಲಿ.

ಮುಖಕ್ಕೆ ಮಾಸ್ಕ್ ಹಾಕಿದ್ದ ಆ ಮನುಷ್ಯ ಸೀದಾ ಕೌಂಟರಿನ ಒಳಗೆ ಬಂದು ಬೆನ್ ಕುತ್ತಿಗೆಗೆ ಪಿಸ್ತೂಲು ಇಟ್ಟ. ಅಮಲಿಗೂ ಬಳಸುವಂಥ ನೋವಿನ ಮಾತ್ರೆಗಳನ್ನು ಕೇಳಿದ. ನಾನು ಬೀಗ ತೆಗೆದು, ಅಲಮಾರಿಯಲ್ಲಿದ್ದ ಬಾಟಲಿಗಳನ್ನೆಲ್ಲ ಅವನ ಚೀಲಕ್ಕೆ ಹಾಕಿದೆ. ದಿನವೂ ಮಾಡುವ ಕೆಲಸದ ಹಾಗೆಯೇ ಮಾಡಿದೆ. ಅವನು ಹೋದ ಮೇಲೆ ಬೆನ್ ನೆಲದ ಮೇಲೆ ಕೂತುಬಿಟ್ಟರು. ಅವರ ಬಟ್ಟೆ ಒದ್ದೆಯಾಗಿತ್ತು. ಪೊಲೀಸರು ಬರುವ ಮೊದಲು ನಾನು ಅವರನ್ನು ಹಿಂದಿನ ಬಾತ್‌ರೂಮಿಗೆ ಕರೆದುಕೊಂಡು ಹೋಗಿ, ನನ್ನ ಬಿಳಿ ಕೋಟು ಬಿಚ್ಚಿ ಅವರ ಸೊಂಟಕ್ಕೆ ಸುತ್ತಿದೆ. ಅವರು ಒಂದೇ ಮಾತು ಹೇಳಿದರು: "ನಮ್ಮ ಮನೆಯವರಿಗೆ ಇದನ್ನ ಹೇಳಬೇಡಿ."

ನನಗೆ ಭಯ ಶುರುವಾದದ್ದು ಆಮೇಲೆ. ಬಾಗಿಲ ಗಂಟೆ ಸದ್ದಾದರೆ ಸಾಕು, ಎಣಿಸುತ್ತಿದ್ದ ಮಾತ್ರೆಗಳ ಲೆಕ್ಕ ತಪ್ಪುತ್ತಿತ್ತು. ಟೋಪಿ ಹಾಕಿದವರು, ಜೇಬಿನಲ್ಲಿ ಕೈಯಿಟ್ಟುಕೊಂಡು ಬಂದವರು, ಯಾರನ್ನು ಕಂಡರೂ ಮೊದಲು ಅವರ ಕೈ ನೋಡುತ್ತಿದ್ದೆ. ಆ ಕಳ್ಳ ಪೊಲೀಸರಿಗೆ ಸಿಕ್ಕಿರಲೂ ಇಲ್ಲ. ಹೀಗೇ ತಿಂಗಳು ಕಳೆದ ಮೇಲೆ ಒಂದು ಭಾನುವಾರ ತಿಂಡಿ ತಿನ್ನುವಾಗ ಗಂಡನಿಗೆ ಹೇಳಿದೆ, ಅಂಗಡಿಯಲ್ಲಿ ಇಟ್ಟುಕೊಳ್ಳೋದಕ್ಕೆ ಒಂದು ರಿವಾಲ್ವರ್ ತಗೋತೀನಿ ಅಂತ.

ಅವರು ದೋಸೆ ಮುರಿಯುವುದನ್ನು ನಿಲ್ಲಿಸಿದರು. "ಅದನ್ನ ತಗೊಂಡು ಏನ್ ಮಾಡ್ತೀಯ? ಅವನು ಮತ್ತೆ ಬಂದ್ರೆ ಶೂಟ್ ಮಾಡ್ತೀಯಾ?"

"ಗೊತ್ತಿಲ್ಲ. ಇದ್ರೆ ನಿಂತ್ಕೊಂಡು ಕೆಲ್ಸ ಮಾಡೋಕಾಗತ್ತೇನೋ."

"ಅಂಗಡಿ ಮಾರ್ಬಿಡೋಣ. ಜರ್ಸಿ ಸಿಟೀಲಿ ನಮ್ಮ ಆಫೀಸ್ ಹತ್ರಾನೇ ನಿಂಗೆ ಎಲ್ಲಾದ್ರೂ ಕೆಲ್ಸ ಸಿಗತ್ತೆ. ಇಬ್ರೂ ಒಟ್ಟಿಗೆ ಕಮ್ಯೂಟ್ ಮಾಡ್ಬಹುದು."

"ಮಾರಲ್ಲ," ಅಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಅವತ್ತಿನಿಂದ ನಾನು ಅಂಗಡಿ ಮುಚ್ಚುವ ಹೊತ್ತಿಗೆ ಫೋನ್ ಮಾಡಿ, ಕಾರು ಹತ್ತಿ ಬಾಗಿಲು ಹಾಕಿಕೊಳ್ಳುವ ತನಕ ಏನೇನೋ ಮಾತಾಡುತ್ತಿದ್ದರು.

ಈ ರಾಜ್ಯದಲ್ಲಿ ಕೈಬಂದೂಕು ಕೊಳ್ಳುವುದು ಸುಲಭವಲ್ಲ. ಬೆರಳಚ್ಚು ಕೊಡಬೇಕು, ತರಬೇತಿ ಮುಗಿಸಬೇಕು, ನಾವು ಎಂಥವರು ಎಂದು ನಮ್ಮನ್ನು ಬಲ್ಲ ಇಬ್ಬರು ಸಾಕ್ಷಿಗಳು ಪೊಲೀಸರಿಗೆ ಹೇಳಬೇಕು. ಒಬ್ಬರು ನನ್ನ ಹಳೆಯ ಸಹೋದ್ಯೋಗಿ. ಇನ್ನೊಬ್ಬರಿಗಾಗಿ ಕನ್ನಡ ಸಂಘದ ಗೆಳತಿಯೊಬ್ಬರನ್ನು ಕೇಳಿದೆ. ಧಾರವಾಡದ ಕಡೆಯವರು, ಮಾರಿಸ್‌ಟೌನಿನಲ್ಲಿ ಮಕ್ಕಳ ಡಾಕ್ಟರು. ಫೋನಿನಲ್ಲಿ ವಿಷಯ ಹೇಳಿದೆ.

"ಮಾತ್ರೆ ಎಣಿಸೋ ಕೈಯಾಗ ಅದನ್ನ ಹೆಂಗ ಹಿಡೀತೀರಿ?" ಅಂತ ಕೇಳಿದರು. ಆಮೇಲೆ ಅವರೇ ಮುಂದುವರಿಸಿದರು: "ನೀವು ಒಳ್ಳೇ ಮನಷ್ಯಾರು ಅಂತ ಹೇಳ್ತೀನ್ರಿ, ಅದು ಖರೇನ ಐತಿ. ಆದ್ರ ಇದು ನನಗ ಸೇರಂಗಿಲ್ಲ. ಅದನ್ನೂ ನಿಮಗ ಹೇಳೇ ಬಿಡ್ತೀನಿ."

ಅನುಮತಿ ಬಂದ ಮೇಲೆ, ಹೆದ್ದಾರಿಯ ಪಕ್ಕದ ಒಂದು ಬಂದೂಕಿನ ಅಂಗಡಿಗೆ ಹೋದೆ. ಅಂಗಡಿಯವನು ವಯಸ್ಸಾದ ಬಿಳಿಯ, ಮೆತ್ತಗೆ ಮಾತಾಡುವವನು. ಗಾಜಿನ ಕೌಂಟರಿನ ಮೇಲೆ ಒಂದು ದಪ್ಪ ಬಟ್ಟೆ ಹಾಸಿ, ಐದಾರು ಚಿಕ್ಕ ರಿವಾಲ್ವರುಗಳನ್ನು ಸಾಲಾಗಿ ಇಟ್ಟ. ನಾನು ಒಂದನ್ನು ಎಡಗೈಯಲ್ಲಿ ಎತ್ತಿಕೊಂಡೆ.

ಹುಟ್ಟಿದಾಗಿನಿಂದ ನಾನು ಎಡಗೈಯವಳು. ಮೈಸೂರಿನ ನಮ್ಮ ಮನೆಯಲ್ಲಿ ಎಡಗೈಯಿಂದ ಏನು ಕೊಟ್ಟರೂ ಅಜ್ಜಿ ಮುಟ್ಟುತ್ತಿರಲಿಲ್ಲ. ಶಾಲೆಯಲ್ಲಿ ಬಳಪವನ್ನು ಕಿತ್ತು ಬಲಗೈಗೆ ಕೊಡುತ್ತಿದ್ದರು. ಬಲಗೈಯಲ್ಲಿ ಉಣ್ಣುವುದನ್ನು ಕಲಿತೆ, ಬರೆಯುವುದನ್ನೂ ಕಲಿತೆ. ಮಿಕ್ಕದ್ದೆಲ್ಲ ಎಡಗೈಯಲ್ಲೇ ಉಳಿಯಿತು. ಕತ್ತರಿ, ಡಬ್ಬಿ ತೆರೆಯುವ ಸಾಧನ, ಕೊನೆಗೆ ಮಾತ್ರೆ ಎಣಿಸುವ ತಟ್ಟೆ ಕೂಡ ಬಲಗೈಯವರಿಗೆಂದೇ ಮಾಡಿದ್ದು. ತಟ್ಟೆಯನ್ನು ತಿರುಗಿಸಿಟ್ಟುಕೊಂಡು, ಮೊಣಕೈ ಎತ್ತಿ ಮಾತ್ರೆ ಸರಿಸುವುದು ನನಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಅದೊಂದು ತೊಡಕು ಅಂತಲೂ ಅನಿಸುತ್ತಿರಲಿಲ್ಲ.

ರಿವಾಲ್ವರಿನ ಕಥೆಯೂ ಅದೇ. ಗುಂಡು ತುಂಬುವ ಉರುಳೆಯನ್ನು ಹೊರಕ್ಕೆ ಬಿಡುವ ಗುಂಡಿ ಅದರ ಎಡಮೈಯಲ್ಲಿತ್ತು. ಬಲಗೈಯವರ ಹೆಬ್ಬೆರಳಿಗೆ ಸರಿಯಾಗಿ ಸಿಗುವ ಜಾಗ. ನಾನು ಮಣಿಕಟ್ಟು ತಿರುವಿ, ಕೈ ಬದಲಿಸಿ ಒದ್ದಾಡುವುದನ್ನು ಅಂಗಡಿಯವನು ನೋಡಿದ. ಏನೂ ಹೇಳದೆ ಒಳಗೆ ಹೋಗಿ ಇನ್ನೊಂದನ್ನು ತಂದ.

ನೋಡುವುದಕ್ಕೆ ಅದೂ ಹಾಗೆಯೇ ಇತ್ತು, ಅಂಗೈಯಗಲದ್ದು, ಬಳಸಿ ಅಂಚು ಮಾಸಿದ್ದು. ಆದರೆ ಗುಂಡಿ ಬಲಮೈಯಲ್ಲಿತ್ತು. ಹೆಬ್ಬೆರಳು ತಾನಾಗಿ ಅದರ ಮೇಲೆ ಹೋಗಿ ಕೂತಿತು. ಒತ್ತಿದೆ. ಉರುಳೆ ಬಲಕ್ಕೆ ಹೊರಳಿ ನನ್ನ ಖಾಲಿ ಬಲಗೈಗೆ ಬಂದು ನಿಂತಿತು.

"ಕಾರ್ಖಾನೆಯಲ್ಲೇ ಹೀಗೆ ಮಾಡಿದ್ದು," ಎಂದ ಅಂಗಡಿಯವನು ಇಂಗ್ಲಿಷಿನಲ್ಲಿ. "ಆಮೇಲೆ ಯಾರೋ ಬದಲಾಯಿಸಿದ್ದಲ್ಲ. ಕನ್ನಡಿಯಲ್ಲಿ ಕಂಡ ಹಾಗೆ ಪೂರ್ತಿ ತಿರುಗಿಸಿ ಒಂದಷ್ಟು ಮಾಡಿದರು, ಮಾರಾಟವಾಗಲಿಲ್ಲ, ನಿಲ್ಲಿಸಿಬಿಟ್ಟರು. ಬಲಗೈಯವರು ಹಿಡಿದು ನೋಡಿ, ಇದು ಕೆಟ್ಟಿದೆ ಅಂತ ವಾಪಸ್ ಇಡುತ್ತಾರೆ."

ನಾನು ಅದನ್ನು ಮುಚ್ಚಿದೆ, ಮತ್ತೆ ತೆರೆದೆ. ಎಷ್ಟು ಸಲ ಹಾಗೆ ಮಾಡಿದೆನೋ. ಖುಷಿಯಾಗಿತ್ತು. ನಾಚಿಕೆಯಾಗುವಷ್ಟು ಖುಷಿ. ಯಾರೋ, ಎಲ್ಲೋ ಕೂತು, ನನ್ನಂಥ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ವಸ್ತುವನ್ನು ಮಾಡಿದ್ದರು. ಐವತ್ತು ದಾಟಿದ ಮೇಲೆ ಅಂಥದ್ದೊಂದು ಮೊದಲ ಸಲ ನನ್ನ ಕೈಗೆ ಬಂದಿತ್ತು, ಅದು ಮನುಷ್ಯರನ್ನು ಕೊಲ್ಲುವ ವಸ್ತು. ಕೊಂಡು ಕಾರಿನಲ್ಲಿ ಇಟ್ಟುಕೊಂಡ ಮೇಲೆ ಸ್ವಲ್ಪ ಹೊತ್ತು ಗಾಡಿ ಸ್ಟಾರ್ಟ್ ಮಾಡದೆ ಕೂತಿದ್ದೆ.

ವಾರಕ್ಕೊಮ್ಮೆ ಆ ಬಂದೂಕಿನ ಅಂಗಡಿಯ ಹಿಂದೆ, ಗುರಿಯಿಟ್ಟು ಗುಂಡು ಹಾರಿಸುವ ರೇಂಜಿನಲ್ಲಿ ಅಭ್ಯಾಸ ಮಾಡಿದೆ. ಕಾಗದದ ಮೇಲಿನ ಕಪ್ಪು ಚುಕ್ಕಿಗೆ ಗುಂಡು ತಗುಲಿದಾಗ ಮೈಯೊಳಗಿನ ಭಯ ಇಷ್ಟಿಷ್ಟೇ ಇಳಿಯುತ್ತಿತ್ತು. ಅದನ್ನು ಸುಳ್ಳು ಅನ್ನಲಾರೆ. ರಿವಾಲ್ವರನ್ನು ಕೌಂಟರಿನ ಕೆಳಗೆ, ಬೆರಳೊತ್ತಿದರೆ ತೆರೆಯುವ ಸಣ್ಣ ಉಕ್ಕಿನ ಪೆಟ್ಟಿಗೆಯಲ್ಲಿ ಇಟ್ಟೆ. ಬೆನ್‌ಗೆ ಹೇಳದೆ ಇಡುವುದು ಸರಿಯಲ್ಲವೆಂದು ಹೇಳಿಯೇ ಇಟ್ಟೆ. ಅವರು ಪೆಟ್ಟಿಗೆಯತ್ತ ಒಮ್ಮೆ ನೋಡಿದರು, ಅಷ್ಟೇ. ಅಂದಿನಿಂದ ಕೌಂಟರಿನ ಆ ತುದಿಗೆ ಬರುವುದನ್ನು ಬಿಟ್ಟರು. ಅಲ್ಲಿದ್ದ ಲೇಬಲ್ಲಿನ ರೋಲು ಬೇಕಾದರೆ, "ಸ್ವಲ್ಪ ಕೊಡ್ತೀರಾ?" ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ತೆಗೆದುಕೊಡುತ್ತಿದ್ದೆ.

ಚಳಿಗಾಲ ಶುರುವಾಗುವ ಹೊತ್ತಿಗೆ ಆ ಕಳ್ಳ ಸಿಕ್ಕಿಬಿದ್ದ. ಇನ್ನೊಂದು ಊರಿನಲ್ಲಿ ಇದೇ ಕೆಲಸ ಮಾಡುವಾಗ ಹಿಡಿದರಂತೆ. ಪೊಲೀಸರು ಫೋನ್ ಮಾಡಿ, ಅವನು ನಮ್ಮ ಅಂಗಡಿಯದ್ದನ್ನೂ ಒಪ್ಪಿಕೊಂಡಿದ್ದಾನೆಂದರು. ಬೆನ್‌ಗೆ ಹೇಳಿದೆ. "ಒಳ್ಳೇದಾಯ್ತು," ಎಂದು ಅವರು ಕೆಲಸಕ್ಕೆ ಬಗ್ಗಿದರು.

ಅದಾದ ಕೆಲವು ದಿನಕ್ಕೆ ನಮ್ಮ ಹಳೆಯ ಗಿರಾಕಿಯೊಬ್ಬಳು ಬಂದಳು. ಎಪ್ಪತ್ತು ದಾಟಿದ ಹೆಂಗಸು. ಪ್ರತಿ ತಿಂಗಳು ರಕ್ತದೊತ್ತಡದ ಮಾತ್ರೆ ಒಯ್ಯುತ್ತಿದ್ದಳು. ಅವತ್ತು ಕೌಂಟರಿನ ಹತ್ತಿರ ಬರದೆ ಬಾಗಿಲ ಬಳಿಯೇ ನಿಂತಳು. ಒಳಗೆ ಬೇರೆ ಯಾರೂ ಇರಲಿಲ್ಲ.

"ಅವನು ನನ್ನ ಮಗ," ಎಂದಳು. "ನನಗೆ ಮೊನ್ನೆ ತನಕ ಗೊತ್ತಿರಲಿಲ್ಲ. ನನ್ನನ್ನ ಇಲ್ಲಿ ಬಿಟ್ಟು ಹೊರಗೆ ಕಾರಿನಲ್ಲಿ ಕಾಯುತ್ತಿದ್ದ. ಅಂಗಡಿ ಹೇಗಿದೆ ಅಂತ ಹಾಗೇ ನೋಡಿಕೊಂಡಿರಬೇಕು." ಆಮೇಲೆ ಕೇಳಿದಳು: "ನನ್ನ ಔಷಧ ಇನ್ನು ಬೇರೆ ಅಂಗಡಿಯಲ್ಲಿ ತೆಗೆದುಕೊಳ್ಳಲಾ? ನೀವು ಹೌದು ಅಂದರೂ ನನಗೆ ಬೇಜಾರಿಲ್ಲ."

ಮೊಣಕಾಲಿನ ಪಕ್ಕದಲ್ಲೇ ಪೆಟ್ಟಿಗೆಯಿತ್ತು. ಇಷ್ಟು ದಿನ ಅದರೊಳಗಿನ ರಿವಾಲ್ವರನ್ನು ನಾನು ಮನಸ್ಸಿನಲ್ಲೇ ಒಂದು ಮಾಸ್ಕಿನ ಮುಖಕ್ಕೆ ಗುರಿಯಿಟ್ಟು ಕಲಿತಿದ್ದೆ. ಈಗ ಆ ಮುಖಕ್ಕೆ ಒಬ್ಬಳು ತಾಯಿ ಇದ್ದಳು. ನಾನೇ ಅವಳ ಬಿ.ಪಿ. ನೋಡಿದ್ದೆ, ಉಪ್ಪು ಕಡಿಮೆ ತಿನ್ನಿ ಎಂದು ಗದರಿದ್ದೆ.

ಮಾತಾಡಿದವರು ಬೆನ್. ಕೌಂಟರಿನ ಇನ್ನೊಂದು ತುದಿಯಿಂದ ಹೊರಗೆ ಬಂದು, ಗೋಡೆ ಪಕ್ಕದ ಕುರ್ಚಿ ಎಳೆದು ಆಕೆಯ ಹತ್ತಿರ ಇಟ್ಟರು.

"ಕೂತ್ಕೊಳ್ಳಿ," ಎಂದರು ತಮ್ಮ ಇಂಗ್ಲಿಷಿನಲ್ಲಿ. "ನಿಮ್ಮ ಮಾತ್ರೆ ರೆಡಿ ಮಾಡ್ತಾ ಇದ್ದೀವಿ."

ಆಕೆ ಕೂತಳು. ನಾನು ಎಣಿಸಿದೆ, ಬೆನ್ ಲೇಬಲ್ಲು ಹಚ್ಚಿದರು. ಪಿಸ್ತೂಲು ತಾಗಿದ್ದು ತಮ್ಮ ಕುತ್ತಿಗೆಗೆ ಎಂದು ಬೆನ್ ಹೇಳಲಿಲ್ಲ. ಆಕೆಗೆ ತಿಳಿದಿತ್ತೋ ಏನೋ, ಹೋಗುವಾಗ ಅವರ ಕೈಯನ್ನೊಮ್ಮೆ ಹಿಡಿದುಕೊಂಡಳು.

ಬಾಗಿಲು ಮುಚ್ಚಿದ ಮೇಲೆ ಬೆನ್ ನನ್ನತ್ತ ತಿರುಗಿದರು. "ಅವಳು ಬಾಗಿಲಲ್ಲಿ ಮಗನ ಮಾತು ಎತ್ತಿದಾಗ ನಿಮ್ಮ ಕೈ ಕೆಳಗೆ, ಆ ಪೆಟ್ಟಿಗೆ ಕಡೆ ಹೋಯ್ತು. ನಾನು ನೋಡಿದೆ."

"ಇಲ್ಲ ಬೆನ್."

"ಹೋಯ್ತು. ನಿಮಗೇ ಗೊತ್ತಾಗಲಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಅದನ್ನ ಮನೆಗೆ ತಗೊಂಡು ಹೋಗಿ. ಅದು ಇಲ್ಲಿದ್ರೆ ನನಗೆ ಅವತ್ತಿನ ದಿನ ಮುಗಿಯೋದೇ ಇಲ್ಲ."

ನನಗೆ ನಿಜಕ್ಕೂ ನೆನಪಿಲ್ಲ, ಕೈ ಹೋಗಿತ್ತೋ ಇಲ್ಲವೋ. ಹೋಗಿರಬಹುದು. ಬೆನ್ ಸುಳ್ಳು ಹೇಳುವವರಲ್ಲ.

ಮನೆಯಲ್ಲಿಯೂ ಅದನ್ನು ಇಟ್ಟುಕೊಳ್ಳಲಾಗಲಿಲ್ಲ. ವಸಂತದಲ್ಲಿ ಅದೇ ಬಂದೂಕಿನ ಅಂಗಡಿಗೆ ಒಯ್ದೆ. ಅಂಗಡಿಯವನು ಕಾರಣ ಕೇಳಲಿಲ್ಲ. ಇಂಥ ಅಪರೂಪದವನ್ನೇ ಹುಡುಕಿ ಕೂಡಿಸುವ ಒಬ್ಬರಿದ್ದಾರೆ, ಅವರು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ, ಗುಂಡು ಹಾರಿಸುವುದಿಲ್ಲ ಎಂದ. ಕೊಡುವ ಮೊದಲು ಕೊನೆಯ ಸಲ ಅದನ್ನು ಕೈಗೆ ತೆಗೆದುಕೊಂಡೆ. ಕೊಟ್ಟದ್ದಕ್ಕೆ ನನಗೆ ಹಗುರವಾಯಿತೆಂದು ಗಂಡನಿಗೆ ಹೇಳಿದೆ. ದುಃಖವಾಯಿತೆಂದು ಹೇಳಲಿಲ್ಲ, ಅದೂ ಆಗಿತ್ತು.

ಭಯ ಪೂರ್ತಿ ಹೋಗಿಲ್ಲ. ಬಾಗಿಲಿಗೆ ಕೌಂಟರಿನ ಗುಂಡಿ ಒತ್ತಿದರೆ ಮಾತ್ರ ತೆರೆಯುವ ಬೀಗ ಹಾಕಿಸಿದ್ದೇವೆ. ಗಂಡ ಈಗಲೂ ಅಂಗಡಿ ಮುಚ್ಚುವ ಹೊತ್ತಿಗೆ ಫೋನ್ ಮಾಡುತ್ತಾರೆ. ಬೆನ್ ಕೌಂಟರಿನ ಉದ್ದಕ್ಕೂ ಓಡಾಡುತ್ತಾರೆ.

ಆ ತಾಯಿ ತಿಂಗಳಿಗೊಮ್ಮೆ ಬರುತ್ತಾಳೆ, ಈಗ ಬಸ್ಸಿನಲ್ಲಿ. ಮತ್ತೆ ಚಳಿಗಾಲ ಬಂದಿದೆ. ಹೋದ ಸಲ ಚೀಲ ತೆಗೆದುಕೊಳ್ಳುತ್ತಾ ಬೆನ್‌ಗೆ ಹೇಳಿದಳು, ಜೈಲಿನಲ್ಲಿ ಮಗನನ್ನು ನೋಡಲು ಹೋಗಿದ್ದಾಗ, ತಾನು ಕುತ್ತಿಗೆಗೆ ಪಿಸ್ತೂಲು ಇಟ್ಟಿದ್ದ ಆ ಹೆಂಗಸು ಹೇಗಿದ್ದಾಳೆ ಎಂದು ಅವನು ಕೇಳಿದನಂತೆ. ಬೆನ್ ಒಳಗೆ ಹೋದರು. ಆಕೆ ಉತ್ತರಕ್ಕೆ ಕಾದಳು. ಬಸ್ಸಿನ ಹೊತ್ತಾಗುತ್ತಿತ್ತು. ನಾನೇ ಗುಂಡಿ ಒತ್ತಿ ಬಾಗಿಲು ತೆರೆದೆ, ಮಂಜು ಗಟ್ಟಿಯಾಗಿ ನೆಲ ಜಾರುತ್ತಿದೆ, ನೋಡಿಕೊಂಡು ಹೋಗಿ ಎಂದೆ.